ಮಡಿಕೇರಿ ಕೋಟೆ ನೋಡಿದ ಮಗು ಬರೆಯುವುದೇನು?

ರಜೆಗೆ ಊರಿಗೆ ಹೋಗುವವರು ಮಕ್ಕಳಿಗೆ ಮಡಿಕೇರಿ ತೋರಿಸುವುದಾದರೆ ದಿನಕ್ಕೆ ಎರಡು ಜಾಗ ಸಾಕು: ಬೆಳಿಗ್ಗೆ ಕೋಟೆ, ಊಟ ಮುಗಿಸಿ ಒಂದು ನಿದ್ದೆ ತೆಗೆದ ಮೇಲೆ ಕೊಡಗಿನ ರಾಜರ ಸಮಾಧಿಗಳಿರುವ ಗದ್ದಿಗೆ. ಆರು ಜಾಗ ಸುತ್ತಿಸಿ ಸಂಜೆ ‘ಹೇಗಿತ್ತು ಪುಟ್ಟಾ?’ ಎಂದರೆ ‘ಚೆನ್ನಾಗಿತ್ತು’ ಎನ್ನುತ್ತದೆ, ಅಷ್ಟೇ.

ಮೈಸೂರು ಕಡೆಯಿಂದ ಬರುವವರು ಕುಶಾಲನಗರದಲ್ಲಿ ಇಳಿದು ಹತ್ತು ನಿಮಿಷ ಓಡಾಡಿಸಿ. ಅಲ್ಲಿಂದ ಮುಂದೆ ಏರು, ತಿರುವು. ಕೈಯಲ್ಲಿ ಟ್ಯಾಬ್ ಇದ್ದರೆ ವಾಂತಿ ಖಂಡಿತ ಎಂದೇ ಇಟ್ಟುಕೊಳ್ಳಿ. ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ, ಕಿವಿಯೊಳಗಿನ ಸಮತೋಲನ ಮಾತ್ರ ಓಲಾಡುತ್ತಿರುತ್ತದೆ.

ಕೋಟೆಯಲ್ಲಿ ಮೊದಲು ಗಾರೆಯ ಎರಡು ಆನೆಗಳ ಹತ್ತಿರ ಕರೆದೊಯ್ಯಿರಿ. ನಿಜದ ಆನೆಯಷ್ಟೇ ದೊಡ್ಡವು. ಹತ್ತುವುದು ಬೇಡ, ಆನೆಯ ಒಂದು ಕಾಲಿನ ಸುತ್ತಳತೆ ಎಷ್ಟು ಗೇಣು, ಎಷ್ಟು ಮೊಳ ಎಂದು ಮಗು ತನ್ನ ಕೈಯಿಂದಲೇ ಅಳೆಯಲಿ. ಗೇಣು ಎಂಬ ಮಾತು ಪಾಠದಿಂದ ಬಾರದು, ಹೀಗೆ ಬರುತ್ತದೆ. ಆಮೇಲೆ ಅರಮನೆ. ‘ಇದರಲ್ಲಿ ಆಮೇಲೆ ಸೇರಿಸಿದ್ದು ಯಾವುದು, ಹುಡುಕು’ ಎನ್ನಿ. ಗಡಿಯಾರದ ಗೋಪುರ, ಕಮಿಷನರ ಕಾರು ನಿಲ್ಲಿಸಲು ಕಟ್ಟಿದ ಪೋರ್ಟಿಕೊ, ಎರಡೂ 1933ರವು.

ಇಂಗ್ಲೆಂಡಿನಲ್ಲಿ ಬೆಳೆದ ಮಕ್ಕಳು ಪಕ್ಕದ ಕಟ್ಟಡ ನೋಡಿದೊಡನೆ ‘ನಮ್ಮೂರಿನ ಚರ್ಚ್ ಇಲ್ಲಿ ಯಾಕಿದೆ?’ ಎನ್ನಬಹುದು. ಈ ಪ್ರಶ್ನೆ ಅವರ ಬಾಯಿಂದಲೇ ಬರಲಿ, ನೀವು ಮುಂಚೆ ಹೇಳಿಬಿಡಬೇಡಿ. ಕೇಳಿದ ಮೇಲೆ ಮುಚ್ಚುಮರೆ ಇಲ್ಲದೆ ಹೇಳಿ: 1834ರಲ್ಲಿ ಬ್ರಿಟಿಷರು ಇಲ್ಲಿನ ರಾಜ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕೊಡಗನ್ನು ವಶಮಾಡಿಕೊಂಡರು, 1855ರಲ್ಲಿ ಕೋಟೆಯೊಳಗಿನ ವೀರಭದ್ರ ದೇವಸ್ಥಾನವನ್ನು ತೆಗೆಸಿ ಚರ್ಚ್ ಕಟ್ಟಿದರು, ಈಗ ಅದು ವಸ್ತುಸಂಗ್ರಹಾಲಯ. ಎಂಟು ವರ್ಷದವರಿಗೆ ಇಷ್ಟು ಸಾಕು.

ಗದ್ದಿಗೆಯ ಗುಮ್ಮಟ ಕಂಡು ಮಗು ಮಸೀದಿ ಎಂದರೆ ಗದರಬೇಡಿ, ಕಣ್ಣಿಗೆ ಹಾಗೆಯೇ ಕಾಣುತ್ತದೆ. ಮೂಲೆಗಳಲ್ಲಿ ಕೂತಿರುವ ಬಸವಗಳನ್ನು ತೋರಿಸಿ, ಮುಂದಿನದನ್ನು ಅದೇ ಕೇಳುತ್ತದೆ.

ಬರವಣಿಗೆ ಅದೇ ಸಂಜೆ ಆಗಬೇಕು, ರಾತ್ರಿ ಊಟಕ್ಕೆ ಮುಂಚೆ. ಕಡಂಬಿಟ್ಟು ತಟ್ಟೆಗೆ ಬಿದ್ದ ಮೇಲೆ ಕೋಟೆ ಮರೆತಂತೆಯೇ. ನಲವತ್ತು ಹಾಳೆಯ ಗೆರೆಯಿಲ್ಲದ ಪುಸ್ತಕ ತನ್ನಿ, ಎಡಕ್ಕೆ ಚಿತ್ರ, ಬಲಕ್ಕೆ ಐದು ವಾಕ್ಯ. ಪೆನ್ಸಿಲೇ ಇರಲಿ, ಮಳೆಗಾಲದ ಥಂಡಿಗೆ ಜೆಲ್ ಪೆನ್ನಿನ ಮಸಿ ಹಾಳೆಯಲ್ಲಿ ಹರಡುತ್ತದೆ. ಮೊದಲು ಮಗು ಬಾಯಲ್ಲಿ ಹೇಳಲಿ, ಫೋನಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ, ಅದನ್ನೇ ಕೇಳಿಸಿಕೊಂಡು ಬರೆಯಲಿ. ಕನ್ನಡ ಅಕ್ಷರ ಇನ್ನೂ ಕೂಡಿಬಾರದಿದ್ದರೆ ನೀವು ಬರೆದುಕೊಡಿ, ಮಗು ಕೆಳಗೆ ನಕಲು ಮಾಡಲಿ. ‘ಆನೆ ನಿಂತಿದ್ದಾನೆ’ ಎಂದಿದ್ದರೆ ಹಾಗೆಯೇ ಬರೆಯಿರಿ, ತಿದ್ದುವುದು ಮರುದಿನ. ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ: ಅಜ್ಜಿ ಪ್ರೀತಿಯಿಂದ ಪಕ್ಕದಲ್ಲಿ ಕೂತು ‘ಭವ್ಯವಾದ ಕೋಟೆ’ ಎಂದು ಹೇಳಿಕೊಡುತ್ತಾರೆ, ಮಗುವಿನ ಮಾತು ಅಲ್ಲಿಗೆ ಮಾಯ.

ಲಂಡನ್ನಿನವರು ಕೊನೆಯ ಎರಡು ಹಾಳೆ ಖಾಲಿ ಉಳಿಸಿಕೊಳ್ಳಿ. ‘ರಾಜ ಆಮೇಲೆ ಎಲ್ಲಿಗೆ ಹೋದ?’ ಎಂಬುದಕ್ಕೆ ಉತ್ತರ ನಿಮ್ಮೂರಿನಲ್ಲೇ ಇದೆ. ರಾಜ್ಯ ಹೋದ ಮೇಲೆ ಇದ್ದ ಕಾಶಿಯಿಂದ ಮಗಳು ಗೌರಮ್ಮನ ಜೊತೆ 1852ರಲ್ಲಿ ಲಂಡನ್ನಿಗೆ ಬಂದ ಚಿಕ್ಕವೀರರಾಜೇಂದ್ರನ ಸಮಾಧಿ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿದೆ. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿದ್ದ ಗೌರಮ್ಮ ತೀರಿಕೊಂಡದ್ದು 1864ರಲ್ಲಿ. ಅವಳನ್ನು ಮಣ್ಣು ಮಾಡಿದ್ದು ಬ್ರಾಂಪ್ಟನ್‌ನಲ್ಲಿ. ಶಾಲೆ ಶುರುವಾಗುವ ಮುಂಚಿನ ಒಂದು ಭಾನುವಾರ ಅದೇ ಪುಸ್ತಕ, ಅದೇ ಪೆನ್ಸಿಲ್ ಹಿಡಿದು ಹೋಗಿ.