ಮೂರು ದಿನದ ಹನಿ

ದೊಡ್ಡಪ್ಪ (ಬ್ರಹ್ಮಾವರ): [ಹಲವು ಬಾರಿ ಫಾರ್ವರ್ಡ್ ಆದ ಸಂದೇಶ] ಮಳೆಗಾಲದಲ್ಲಿ ಮೂಗು ಕಟ್ಟಿದೆಯಾ? ಮೆಡಿಕಲ್‌ನಲ್ಲಿ ಸಿಗುವ ಮೂಗಿನ ಹನಿ ಒಂದೇ ಸಾಕು. ಐದು ನಿಮಿಷದಲ್ಲಿ ಮೂಗು ಬಿಡುತ್ತದೆ. ಹೊಟ್ಟೆಗೆ ಹೋಗುವ ಔಷಧಿ ಅಲ್ಲ, ಹಾಗಾಗಿ ಯಾವ ಅಡ್ಡಪರಿಣಾಮವೂ ಇಲ್ಲ. ದಿನಕ್ಕೆ ಎಷ್ಟು ಸಲ ಬೇಕಾದರೂ ಹಾಕಬಹುದು. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಆಗುತ್ತದೆ. ಎಲ್ಲ ಗ್ರೂಪಿಗೂ ಕಳಿಸಿ.

ಸುರತ್ಕಲ್ ಅತ್ತೆ: ಒಳ್ಳೆಯದಾಯ್ತು ಅಣ್ಣ ಕಳಿಸಿದ್ದು. ಇಲ್ಲಿ ಮನೆಯಲ್ಲಿ ಎಲ್ಲರಿಗೂ ಶೀತ. ಆಟಿಯ ಮಳೆ ನಿಲ್ಲುವುದೇ ಇಲ್ಲ, ಬಟ್ಟೆ ಒಣಗುವುದಿಲ್ಲ, ಗೋಡೆಗೆಲ್ಲ ಬೂಷ್ಟು ಬಂದಿದೆ.

ಅತ್ತಿಗೆ: ಹಾಗಾದರೆ ಪಾಪುಗೂ ಎರಡು ಹನಿ ಹಾಕಬಹುದಾ? ಹತ್ತು ತಿಂಗಳು ಈಗ. ನಿನ್ನೆ ರಾತ್ರಿಯಿಡೀ ನಿದ್ದೆ ಇಲ್ಲ, ಹಾಲು ಕುಡಿಯಲು ಹೋದರೆ ಉಸಿರು ಕಟ್ಟಿ ಅಳುತ್ತಾಳೆ. ಇವರದ್ದು ಒಂದು ಬಾಟಲಿ ಮನೆಯಲ್ಲೇ ಉಂಟು.

ನಾನು: ಅತ್ತಿಗೆ ಬೇಡ. ಹಾಕಬೇಡಿ. ಈಗಲೇ ಫೋನ್ ಮಾಡುತ್ತೇನೆ, ತೆಗೆಯಿರಿ.

ನಾನು: ಅತ್ತಿಗೆ ಜೊತೆ ಮಾತಾಡಿದೆ, ಹಾಕಿಲ್ಲ. ಆದರೆ ಈ ಮೆಸೇಜ್ ಓದಿ ಬೇರೆ ಯಾರಾದರೂ ಹಾಕಿಬಿಟ್ಟಾರು ಅಂತ ಇಲ್ಲೇ ಬರೆಯುತ್ತೇನೆ. ಅಣ್ಣನ ಬಾಟಲಿಯಲ್ಲಿ ಇರುವುದು 0.1% ಕ್ಸೈಲೋಮೆಟಾಜೋಲಿನ್ ಎಂಬ ಮೂಗು ಬಿಡಿಸುವ ಔಷಧಿ, ದೊಡ್ಡವರದ್ದು. ಎರಡು ವರ್ಷದ ಒಳಗಿನ ಮಗುವಿಗೆ ಡಾಕ್ಟರು ಹೇಳದೆ ಇಂಥ ಹನಿ ಹಾಕಲೇಬಾರದು. ಮೈಗೆ ಸೇರಿದರೆ ಮಗು ಮಂಕಾಗಿ ಮಲಗಿಬಿಡಬಹುದು, ಎದೆಬಡಿತ, ಉಸಿರಾಟ ಎರಡೂ ನಿಧಾನ ಆಗಬಹುದು. ಈ ಜಾತಿಯ ಹನಿ ಒಂದೆರಡು ಮಿಲಿ ನುಂಗಿದರೂ ಸಣ್ಣ ಮಕ್ಕಳಿಗೆ ಅಪಾಯ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲೇ ಎಚ್ಚರಿಕೆ ಕೊಟ್ಟಿದೆ. ಒಂದೆರಡು ಮಿಲಿ ಅಂದರೆ ಚಮಚದ ಅರ್ಧವೂ ಇಲ್ಲ. ಬಾಟಲಿ ಮಕ್ಕಳ ಕೈಗೆ ಎಟುಕುವ ಜಾಗದಲ್ಲಿ ಇಡಲೇಬೇಡಿ.

ದೊಡ್ಡಪ್ಪ: ನಾನು ನಾಲ್ಕು ತಿಂಗಳಿಂದ ಹಾಕುತ್ತಾ ಇದ್ದೇನೆ. ನನಗೆ ಎಂತ ಆಗಿದೆ? ಸುಮ್ನೆ ಹೆದರಿಸಬೇಡ. ನೀನು ಡಾಕ್ಟರಾ?

ನಾನು: ಡಾಕ್ಟರ್ ಅಲ್ಲ ದೊಡ್ಡಪ್ಪ. ಆದರೆ ಇದೇ ಹನಿಯನ್ನು ಏಳು ತಿಂಗಳು ಬಿಡಲಾಗದೆ ಹಾಕಿದವಳು ನಾನು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಶೀತಕ್ಕೆ ಅಂತ ಶುರು ಮಾಡಿದ್ದು, ಶೀತ ವಾರದಲ್ಲಿ ಹೋಯಿತು, ಹನಿ ಹೋಗಲಿಲ್ಲ. ದಿಂಬಿನ ಕೆಳಗೆ ಒಂದು ಬಾಟಲಿ, ಬ್ಯಾಗಿನಲ್ಲಿ ಒಂದು, ಆಫೀಸಿನ ಡ್ರಾಯರಿನಲ್ಲಿ ಒಂದು. ಒಂದು ದಿನ ಕಾರ್ಕಳಕ್ಕೆ ಹೊರಟಾಗ ಬ್ಯಾಗಿನಲ್ಲಿ ಬಾಟಲಿ ಇರಲಿಲ್ಲ, ಬಸ್ಸು ಮಣಿಪಾಲ ಮುಟ್ಟುವಷ್ಟರಲ್ಲಿ ಎರಡೂ ಹೊಳ್ಳೆ ಕಟ್ಟಿ ಬಾಯಲ್ಲೇ ಉಸಿರು ಬಿಡುತ್ತಿದ್ದೆ, ಕೈ ನಡುಗುತ್ತಿತ್ತು, ಕೊನೆಗೆ ಅಲ್ಲೇ ಇಳಿದು ಮಳೆಯಲ್ಲಿ ಮೆಡಿಕಲ್ ಹುಡುಕಿಕೊಂಡು ಹೋದೆ. ಅಂಗಡಿಯವರು ಡಾಕ್ಟರ ಚೀಟಿ ಕೇಳಲಿಲ್ಲ, ಎಷ್ಟು ದಿನದಿಂದ ಅಂತಲೂ ಕೇಳಲಿಲ್ಲ. ಕೊನೆಗೆ ಇಎನ್‌ಟಿ ಡಾಕ್ಟರು ಟಾರ್ಚ್ ಹಾಕಿ ನೋಡಿದವರೇ ಕೇಳಿದ್ದು ಒಂದೇ ಪ್ರಶ್ನೆ, "ಹನಿ ಎಷ್ಟು ತಿಂಗಳಿಂದ?"

ನಾನು: ಅವರು ಹೇಳಿದ್ದು ಹೀಗೆ. ಮೂಗಿನ ಒಳಪೊರೆಯಲ್ಲಿ ರಕ್ತನಾಳಗಳು ಉಬ್ಬಿಕೊಂಡಾಗ ಮೂಗು ಕಟ್ಟುತ್ತದೆ. ಹನಿ ಆ ನಾಳಗಳನ್ನು ಬಿಗಿ ಮಾಡುತ್ತದೆ, ಉಸಿರು ಸಲೀಸು. ಆದರೆ ದಿನಗಟ್ಟಲೆ ಹಾಕುತ್ತಾ ಹೋದರೆ, ಹನಿಯ ಬಲ ಇಳಿದ ಕೂಡಲೇ ನಾಳಗಳು ಮೊದಲಿಗಿಂತ ಜಾಸ್ತಿ ಉಬ್ಬುತ್ತವೆ. ಮತ್ತೆ ಹನಿ, ಮತ್ತೆ ಉಬ್ಬು. ಆಮೇಲೆ ಮೂಗು ಕಟ್ಟುವುದು ಶೀತದಿಂದ ಅಲ್ಲ, ಹನಿಯಿಂದಲೇ.

ಅಣ್ಣ: ಹಾಗಂತ ಹನಿಯೇ ಬೇಡ ಅಂತೀಯಾ? ಕಳೆದ ಸಲ ಶೀತ ಇದ್ದಾಗ ವಿಮಾನದಲ್ಲಿ ಕಿವಿ ನೋಯಬಾರದು ಅಂತ ಡಾಕ್ಟರೇ ಬರೆದುಕೊಟ್ಟದ್ದು ನನಗೆ.

ನಾನು: ಬೇಡ ಅಂತ ಹೇಳಲೇ ಇಲ್ಲ ಅಣ್ಣ. ಅದಕ್ಕೇ ಇರುವ ಔಷಧಿ ಅದು, ಒಂದೆರಡು ದಿನ ತುಂಬಾ ಕಷ್ಟ ಇದ್ದಾಗ. ಮೂರು ದಿನ, ಅಷ್ಟೇ. ಬಾಟಲಿಯ ಚೀಟಿಯಲ್ಲಿ ಬರೆದಷ್ಟೇ ಸಲ. ಮೂರು ದಿನ ಕಳೆದರೂ ಮೂಗು ಬಿಡದಿದ್ದರೆ ಇನ್ನೊಂದು ಬಾಟಲಿ ತರುವುದಲ್ಲ, ಡಾಕ್ಟರ ಹತ್ತಿರ ಹೋಗುವುದು. ಮತ್ತೆ ಒಬ್ಬರ ಬಾಟಲಿ ಇನ್ನೊಬ್ಬರು ಹಾಕಬೇಡಿ, ತುದಿ ಮೂಗಿಗೆ ತಾಗುತ್ತದಲ್ವಾ, ಶೀತವೂ ಜೊತೆಗೇ ಬರುತ್ತದೆ.

ಸುರತ್ಕಲ್ ಅತ್ತೆ: ನನಗೆ ಹನಿ ಆಗುವುದೇ ಇಲ್ಲ, ಗಂಟಲಿಗೆ ಇಳಿದು ಕಹಿ. ಶೀತದ ಮಾತ್ರೆ ತಗೊಂಡರೆ ಸಾಕಲ್ವಾ?

ನಾನು: ಅತ್ತೆ, ನಿಮಗೆ ಬಿಪಿ ಉಂಟಲ್ಲ, ಕೇಳದೆ ತಗೊಳ್ಳಬೇಡಿ. ಹಲವು ಶೀತದ ಮಾತ್ರೆಗಳಲ್ಲಿ ಫಿನೈಲ್‌ಎಫ್ರಿನ್ ಅಥವಾ ಸ್ಯೂಡೋಎಫಿಡ್ರಿನ್ ಇರುತ್ತದೆ. ಇವು ಮೂಗಿನ ನಾಳ ಮಾತ್ರ ಬಿಗಿ ಮಾಡುವುದಿಲ್ಲ, ಬಿಪಿಯನ್ನೂ ಏರಿಸಬಹುದು. ಪ್ರಾಸ್ಟೇಟ್ ದೊಡ್ಡದಾದ ಗಂಡಸರಿಗೆ ಮೂತ್ರವೇ ಕಟ್ಟಿಬಿಡಬಹುದು. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಥೈರಾಯ್ಡ್, ಹೃದಯದ ತೊಂದರೆ ಇರುವವರೂ ಕೇಳಿಯೇ ತಗೊಳ್ಳಬೇಕು, ಮಾತ್ರೆಯಾಗಲಿ ಹನಿಯಾಗಲಿ. ಇನ್ನೊಂದು ಏನೆಂದರೆ, ಬಾಯಿಂದ ತಗೊಳ್ಳುವ ಫಿನೈಲ್‌ಎಫ್ರಿನ್‌ನಿಂದ ಮೂಗು ಬಿಡುವುದೇ ಇಲ್ಲ ಅಂತ 2023ರಲ್ಲಿ ಅಮೆರಿಕದ ತಜ್ಞರ ಸಮಿತಿ ಒಮ್ಮತದಿಂದ ಹೇಳಿದೆ. ನಮ್ಮಲ್ಲೂ ಅದೇ ವರ್ಷ ಡಿಸೆಂಬರಿನಲ್ಲಿ, ಕ್ಲೋರ್‌ಫೆನಿರಮೈನ್ (ಅಲರ್ಜಿಯ ಔಷಧಿ) ಮತ್ತು ಫಿನೈಲ್‌ಎಫ್ರಿನ್ ಸೇರಿದ ಶೀತದ ಔಷಧಿ ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರದು ಅಂತ ಬಾಟಲಿಯ ಮೇಲೆ ಬರೆಯಲು ಕೇಂದ್ರದ ಔಷಧ ನಿಯಂತ್ರಕರು ಆದೇಶ ಮಾಡಿದ್ದಾರೆ. ಮನೆಯಲ್ಲಿ ಹಳೆಯ ಸಿರಪ್ ಇದ್ದರೆ ನೋಡಿ.

ಅತ್ತಿಗೆ: ಹಾಗಾದರೆ ಪಾಪುಗೆ ಎಂತ ಮಾಡುವುದು? ಹಬೆ ಹಿಡಿಯಲಾ?

ನಾನು: ಬಿಸಿನೀರಿನ ಪಾತ್ರೆ ಮಗುವಿನ ಹತ್ತಿರ ತರಲೇಬೇಡಿ ಅತ್ತಿಗೆ, ಕೈ ಬಡಿದರೆ ಮುಗಿಯಿತು. ಮೆಡಿಕಲ್‌ನಲ್ಲಿ ಸಲೈನ್ ಹನಿ ಅಂತ ಕೇಳಿ, ಬರೀ ಉಪ್ಪುನೀರು ಅದು. ಹಾಲು ಕೊಡುವ ಸ್ವಲ್ಪ ಮೊದಲು ಒಂದೊಂದು ಹೊಳ್ಳೆಗೆ ಎರಡು ಹನಿ ಹಾಕಿ, ಸಿಂಬಳ ಸಡಿಲ ಆದ ಮೇಲೆ ಮೆಲ್ಲ ಒರೆಸಿ. ಹಾಲು ಪೂರ್ತಿ ಬಿಟ್ಟರೆ, ಉಸಿರು ಜೋರಾದರೆ, ಉಸಿರು ಎಳೆಯುವಾಗ ಪಕ್ಕೆ ಒಳಗೆ ಹೋದರೆ, ಬೆಳಗಾಗಲಿ ಅಂತ ಕಾಯಬೇಡಿ.

ಅಣ್ಣ: ಸಲೈನ್ ತಂದೆ. ಹಾಕಿದೆವು. ಕುಡಿಯುತ್ತಾ ಇದ್ದಾಳೆ ಈಗ.

ದೊಡ್ಡಪ್ಪ: ಒಂದು ಮಾತು ಕೇಳುತ್ತೇನೆ. ನಾಲ್ಕು ತಿಂಗಳಿಂದ ರಾತ್ರಿ ಮೂರು ಗಂಟೆಗೆ ಸರಿಯಾಗಿ ಎಚ್ಚರ ಆಗುತ್ತದೆ, ಮೂಗು ಬಂದ್. ಹನಿ ಹಾಕಿದರೆ ಮಾತ್ರ ನಿದ್ದೆ. ಶೀತ ಬಿಡಲೇ ಇಲ್ಲ ಅಂತ ತಿಳಿದಿದ್ದೆ. ಇದು ಅದೇನಾ?

ನಾನು: ಅದೇ ಇರಬೇಕು ದೊಡ್ಡಪ್ಪ. ನನಗೂ ಮೂರು ಗಂಟೆಗೇ ಆಗುತ್ತಿತ್ತು. ಹೆದರಬೇಡಿ, ಬಿಡಬಹುದು. ನನಗೆ ಡಾಕ್ಟರು ದಿನಾ ಹಾಕುವ ಬೇರೆ ಸ್ಪ್ರೇ ಕೊಟ್ಟರು, ಸ್ಟಿರಾಯ್ಡ್‌ದ್ದು, ಅದು ಕೂಡಲೇ ಕೆಲಸ ಮಾಡುವುದಿಲ್ಲ, ದಿನಗಳು ಬೇಕು. ಮೊದಲು ಒಂದು ಹೊಳ್ಳೆಗೆ ಹನಿ ನಿಲ್ಲಿಸಿದೆ, ಅದು ಸರಿಯಾದ ಮೇಲೆ ಇನ್ನೊಂದಕ್ಕೆ. ಮೊದಲ ನಾಲ್ಕು ರಾತ್ರಿ ಕುರ್ಚಿಯಲ್ಲಿ ಒರಗಿಯೇ ನಿದ್ದೆ ಮಾಡಿದ್ದು. ಮೂರನೇ ವಾರಕ್ಕೆ ಹನಿ ಇಲ್ಲದೆ ಮಲಗಿದೆ. ನಿಮಗೆ ಬಿಪಿಯೂ ಉಂಟು, ನೀವಾಗಿ ಏನೂ ಮಾಡಬೇಡಿ. ನಾಳೆ ನಾನು ಬರುತ್ತೇನೆ, ಒಟ್ಟಿಗೆ ಹೋಗುವ. ಈಗಿನ ಬಾಟಲಿಯ ಸೀಲ್ ಯಾವಾಗ ಒಡೆದದ್ದು?

ದೊಡ್ಡಪ್ಪ: ಎರಡು ಉಂಟು. ಈಗ ಹಾಕುವುದು ಹೊಸದು. ಇನ್ನೊಂದರಲ್ಲಿ ಅರ್ಧ ಉಳಿದಿದೆ, ಏಪ್ರಿಲ್‌ನಲ್ಲಿ ಬಿಸು ಹಬ್ಬದ ಹೊತ್ತಿಗೆ ಒಡೆದದ್ದಿರಬೇಕು.

ನಾನು: ಒಡೆದ ಮೇಲೆ ಎಷ್ಟು ದಿನ ಹಾಕಬಹುದು ಅಂತ ಚೀಟಿಯಲ್ಲೇ ಬರೆದಿರುತ್ತದೆ ದೊಡ್ಡಪ್ಪ, ಸಾಮಾನ್ಯವಾಗಿ 28 ದಿನ. ಹಳೆಯದನ್ನು ಬಿಸಾಡಿ. ಹೊಸದನ್ನು ನಾಳೆ ಡಾಕ್ಟರಿಗೆ ತೋರಿಸುವ, ಕಿಸೆಯಲ್ಲಿ ಇಟ್ಟುಕೊಂಡು ಬನ್ನಿ.

ದೊಡ್ಡಪ್ಪ: ಆಯ್ತು. ಆ ಮೆಸೇಜ್ ನಾನು ದೇವಸ್ಥಾನದ ಗ್ರೂಪಿಗೂ ಹಾಕಿದ್ದೆ. ಅಲ್ಲಿ ನೀನು ಬರೆದದ್ದನ್ನು ಹಾಕುತ್ತೇನೆ, ಮಕ್ಕಳದ್ದು ಮೇಲೆ ಬರುವ ಹಾಗೆ ಒಂದೇ ಮೆಸೇಜ್ ಮಾಡಿ ಕೊಡು.