ಗೋಟು ಟೆಲಿಸ್ಕೋಪ್: ‘ಅಲೈನ್ ಸಕ್ಸೆಸ್’ ಬಂದರೂ ಗುರಿ ತಪ್ಪುತ್ತಿದೆ (ಹಾಸನ)

ಹೇಮಾವತಿ_ದಡ:
130 ಮಿ.ಮೀ. ನ್ಯೂಟೋನಿಯನ್ (ಕನ್ನಡಿ ಟೆಲಿಸ್ಕೋಪ್), ಫೋಕಲ್ ಲೆಂಗ್ತ್ 650, ಒಂದೇ ತೋಳಿನ ಗೋಟು ಮೌಂಟ್ (ಹೇಳಿದ ಗುರಿಯತ್ತ ತಾನೇ ತಿರುಗುವ ಸ್ಟ್ಯಾಂಡ್). ಐಪೀಸ್ (ಕಣ್ಣಿಡುವ ಮಸೂರ) 25 ಮತ್ತು 9 ಮಿ.ಮೀ. ಈಗ ಜನವರಿ, ರಾತ್ರಿ 9ರ ಹೊತ್ತಿಗೆ ರೋಹಿಣಿ, ಆರ್ದ್ರಾ, ಲುಬ್ಧಕ ಮೂರನ್ನೂ ತೋರಿಸಿ ಅಲೈನ್ ಮಾಡಿದರೆ (ಅಂದರೆ ಆಕಾಶದ ದಿಕ್ಕು ಗುರುತು ಹಿಡಿಸಿದರೆ) ‘ಸಕ್ಸೆಸ್’ ಅನ್ನುತ್ತೆ. ಆಮೇಲೆ ಎಂ42 (ಓರಿಯನ್ ನೀಹಾರಿಕೆ) ಕೇಳಿದರೆ ಪಕ್ಕದಲ್ಲೆಲ್ಲೋ ಹೋಗಿ ನಿಲ್ಲುತ್ತೆ. ಕೆಲವು ಸಲ ತಿರುಗುತ್ತಿರುವಾಗಲೇ ‘ನೋ ರೆಸ್ಪಾನ್ಸ್’ ಅಂತ ಬರುತ್ತೆ. ಪವರ್‌ಗೆ 8 ಎಎ ಸೆಲ್. ಊರುಗಳ ಪಟ್ಟಿಯಲ್ಲಿ ಹಾಸನ ಸಿಗದೆ ಬೆಂಗಳೂರು ಆರಿಸಿದ್ದೇನೆ. ತಪ್ಪು ಅಲ್ಲೇ ಇದೆಯಾ? ಉತ್ತರಕ್ಕೆ ಮುಖ ಮಾಡಿ ಇಡಬೇಕಾ?

ಬಾನಂಗಳ:
ಬೆಂಗಳೂರು ಹಾಕಿದ್ದು ಕಾರಣ ಅಲ್ಲ ಸರ್. ಎರಡೂ ಊರು ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲೇ ಇವೆ, ರೇಖಾಂಶದಲ್ಲಿ ಒಂದೂವರೆ ಡಿಗ್ರಿ ವ್ಯತ್ಯಾಸ. ಎರಡು ಮೂರು ನಕ್ಷತ್ರ ತೋರಿಸಿ ಅಲೈನ್ ಮಾಡಿದಾಗ ಅಷ್ಟು ವ್ಯತ್ಯಾಸ ಅದರಲ್ಲೇ ಸರಿಹೋಗುತ್ತೆ. ಸರಿಯಾಗೇ ಇರಲಿ ಅಂದರೆ ಕಸ್ಟಮ್ ಸೈಟ್‌ನಲ್ಲಿ 13°00' ಉತ್ತರ, 76°06' ಪೂರ್ವ ಹಾಕಿ. ‘ಪೂರ್ವ’ ಅನ್ನೋದನ್ನು ಎರಡು ಸಲ ನೋಡಿಕೊಳ್ಳಿ. ಪಶ್ಚಿಮ ಅಂತ ಉಳಿದರೆ ಲೆಕ್ಕ ಭೂಮಿಯ ಆ ಕಡೆಗೆ ಹೋಗುತ್ತೆ.

ತಾರೀಖಿನಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜನವರಿ 5ನ್ನು ನಮ್ಮ ಅಭ್ಯಾಸದಂತೆ 05/01 ಅಂತ ಒತ್ತಿದರೆ ಅದು ಮೇ 1 ಆಗುತ್ತೆ. ಟೈಮ್ ಝೋನ್ +5:30, ಡೇಲೈಟ್ ಸೇವಿಂಗ್ ಬೇಡ, ‘ಸ್ಟ್ಯಾಂಡರ್ಡ್’ ಇರಲಿ. ಇವು ತಪ್ಪಿದ್ದರೂ ನಕ್ಷತ್ರಗಳ ಮೇಲೆ ಅಲೈನ್ ಕೂತುಬಿಡಬಹುದು, ಆದರೆ ಚಂದ್ರ, ಗ್ರಹಗಳನ್ನು ಬೇರೆ ಜಾಗದಲ್ಲಿ ಹುಡುಕುತ್ತೆ.

ನಿಮ್ಮ ತೊಂದರೆ ನಕ್ಷತ್ರಗಳ ಆಯ್ಕೆಯಲ್ಲಿದೆ. ನಮ್ಮ ಅಕ್ಷಾಂಶದಲ್ಲಿ ರೋಹಿಣಿ ನೆತ್ತಿಯಿಂದ ಮೂರೂವರೆ ಡಿಗ್ರಿ ಅಂತರದಲ್ಲಿ ಹಾದುಹೋಗುತ್ತೆ. ಜನವರಿಯಲ್ಲಿ ರಾತ್ರಿ 9ಕ್ಕೆ ಹೆಚ್ಚುಕಡಿಮೆ ತಲೆಯ ಮೇಲೇ ಇರುತ್ತೆ. ಈ ಥರದ ಮೌಂಟ್‌ಗೆ ನೆತ್ತಿಯ ಹತ್ತಿರ ಕಷ್ಟ: ನಕ್ಷತ್ರ ಕೂದಲೆಳೆ ಸರಿಯಬೇಕೆಂದರೆ ಬುಡ ತುಂಬಾ ತಿರುಗಬೇಕು. ಅಲ್ಲಿ ನಡುವಿಗೆ ತಂದೆ ಅನ್ನಿಸಿದರೂ ಅಡ್ಡಡ್ಡಲಾಗಿ ಡಿಗ್ರಿಗಟ್ಟಲೆ ತಪ್ಪಿರಬಹುದು. ಮಖಾ, ಸ್ವಾತಿ, ಶ್ರವಣ, ಆರ್ದ್ರಾ ಕೂಡ ನಮಗೆ ನೆತ್ತಿ ಹತ್ತಿರವೇ ಹಾಯುತ್ತವೆ, ಆಯಾ ಕಾಲದಲ್ಲಿ ಅದು ನೆನಪಿರಲಿ. ಅದೂ ಅಲ್ಲದೆ ನೀವು ಆರಿಸಿದ ಮೂರೂ ಆಕಾಶದ ಒಂದೇ ಮೂಲೆಯಲ್ಲಿವೆ.

‘ಟೂ ಸ್ಟಾರ್ ಅಲೈನ್’ ಮಾಡಿ: ಈಶಾನ್ಯದಲ್ಲಿ ಬ್ರಹ್ಮಹೃದಯ, ಆಗ್ನೇಯದಲ್ಲಿ ಲುಬ್ಧಕ. ಹ್ಯಾಂಡ್‌ಸೆಟ್‌ನಲ್ಲಿ (ಕೈಯಲ್ಲಿ ಹಿಡಿಯುವ ರಿಮೋಟ್) ಕ್ಯಾಪೆಲ್ಲಾ, ಸಿರಿಯಸ್ ಅಂತ ಇರುತ್ತೆ. ಎರಡರ ನಡುವೆ 60 ಡಿಗ್ರಿಗಿಂತ ಹೆಚ್ಚು ಅಂತರ, ಎತ್ತರವೂ ಹದವಾಗಿದೆ. ಉತ್ತರಕ್ಕೆ ಮುಖ ಮಾಡುವ ಅಗತ್ಯ ಇಲ್ಲ.

ಗೇರು_ಬೆಲ್ಟು:
ಮೇಲಿನವರು ಹೇಳಿದ್ದು ಸರಿ. ನಡುವಿಗೆ ತರುವ ರೀತಿಯೂ ಮುಖ್ಯ. 25ರ ಐಪೀಸ್‌ನಲ್ಲಿ 26 ಪಟ್ಟು, ಸುಮಾರು ಎರಡು ಡಿಗ್ರಿ ಆಕಾಶ ಕಾಣುತ್ತೆ. ಅಷ್ಟಗಲದಲ್ಲಿ ನಡು ಯಾವುದು ಅಂತ ಕಣ್ಣಂದಾಜಿನಲ್ಲಿ ಗೊತ್ತಾಗಲ್ಲ. ಮೊದಲು 25ರಲ್ಲಿ ತಂದು, 9 ಹಾಕಿ (72 ಪಟ್ಟು) ಮತ್ತೆ ನಡುವಿಗೆ ತಂದು, ಆಮೇಲೆ ‘ಅಲೈನ್’ ಒತ್ತಿ. ಫೋಕಸ್ ಸ್ವಲ್ಪ ಕೆಡಿಸಿ ನಕ್ಷತ್ರವನ್ನು ದುಂಡು ಬಿಲ್ಲೆ ಮಾಡಿಕೊಂಡರೆ ನಡುವಿಗೆ ಕೂರಿಸೋದು ಸುಲಭ.

ಗೇರಿನಲ್ಲಿ ಪ್ಲೇ (ಹಲ್ಲುಗಳ ನಡುವಿನ ಸಡಿಲ) ಇದ್ದೇ ಇರುತ್ತೆ. ಅದಕ್ಕೇ ಕೊನೆಯ ಹೊಂದಾಣಿಕೆ ಯಾವಾಗಲೂ ‘ಮೇಲೆ’ ಮತ್ತು ‘ಬಲ’ ಬಟನ್‌ನಿಂದಲೇ ಮುಗಿಯಲಿ. ದಾಟಿ ಹೋದರೆ ಹಿಂದಕ್ಕೆ ಚೆನ್ನಾಗಿ ತಂದು ಮತ್ತೆ ಮೇಲೆ, ಬಲ. ಇದೊಂದು ಅಭ್ಯಾಸ ಆದರೆ ಅರ್ಧ ದೂರು ಹೋಗುತ್ತೆ.

‘ನೋ ರೆಸ್ಪಾನ್ಸ್’ ಬರುವುದಕ್ಕೆ ಹೆಚ್ಚಿನ ಸಲ ಕಾರಣ ವೋಲ್ಟೇಜ್ ಇಳಿಯೋದು. ವೇಗವಾಗಿ ತಿರುಗುವಾಗ ಮೋಟಾರ್ ಕರೆಂಟ್ ಎಳೆಯುತ್ತೆ, ಎಎ ಸೆಲ್ ತಡೆಯಲ್ಲ, ಅಲೈನ್ ಹೋಗುತ್ತೆ. ಯುಪಿಎಸ್‌ಗೆ ಹಾಕುವ 12 ವೋಲ್ಟ್ 7 ಎಎಚ್ ಬ್ಯಾಟರಿ ಒಂದು ರಾತ್ರಿಗೆ ಧಾರಾಳ. ಪಿನ್ನಿನ ನಡುವೆ ಪ್ಲಸ್ ಬರಬೇಕು. ಮೀಟರ್ ಹಿಡಿದು ನೋಡದೆ ಚುಚ್ಚಬೇಡಿ, ಉಲ್ಟಾ ಕೊಟ್ಟರೆ ಬೋರ್ಡ್ ಸುಡಬಹುದು. ಪ್ಲಸ್ ವೈರಿಗೆ 3 ಆಂಪ್ ಫ್ಯೂಸ್ ಹಾಕಿ. ಬ್ಯಾಟರಿ ಬದಲಿಸಿದರೂ ಬಂದರೆ ಹ್ಯಾಂಡ್‌ಸೆಟ್ ಕೇಬಲ್ ಜಾಕ್ ಸಡಿಲ ಇದೆಯಾ ನೋಡಿ.

ಹೇಮಾವತಿ_ದಡ:
ಧನ್ಯವಾದ ಸರ್. ಚಿಕ್ಕಮಗಳೂರಿನ ಕಡೆ ತೋಟಕ್ಕೆ ಒಯ್ಯುವ ಯೋಚನೆ ಇದೆ. ಬೇರೇನು ನೋಡಿಕೊಳ್ಳಬೇಕು? ಮುಂದೆ ಈಕ್ವಟೋರಿಯಲ್ ಮೌಂಟ್ (ಧ್ರುವದ ಕಡೆಗೆ ಅಕ್ಷ ಓರೆ ಮಾಡಿ ಇಡುವ ಸ್ಟ್ಯಾಂಡ್) ತಗೊಳ್ಳಬಹುದಾ?

ಕಾಫಿಸೀಮೆ:
ತೋಟದ ಮಣ್ಣು ಮೆತ್ತಗೆ. ಮೂರು ಕಾಲಿನ ಕೆಳಗೂ ಚಪ್ಪಡಿ ಕಲ್ಲು ಅಥವಾ ಹಲಗೆ ತುಂಡು ಇಡಿ, ಕಾಲು ಪೂರ್ತಿ ಎಳೆಯಬೇಡಿ. ಮೊದಲೇ ಸ್ವಲ್ಪ ಓರೆ ಇದ್ದರೆ ಅಲೈನ್ ಅದನ್ನು ಸರಿಮಾಡಿಕೊಳ್ಳುತ್ತೆ, ಅಲೈನ್ ಆದ ಮೇಲೆ ಕಾಲು ಕುಸಿದರೆ ಮಾತ್ರ ಮೊದಲಿಂದ ಮಾಡಬೇಕು. ಘಟ್ಟದ ರಸ್ತೆಯ ಕುಲುಕಾಟಕ್ಕೆ ಕನ್ನಡಿ ಜರುಗಿರಬಹುದು. ಫೋಕಸ್ ಕೆಡಿಸಿ ನೋಡಿ, ಉಂಗುರಗಳು ಒಂದೇ ನಡುವಿನ ಸುತ್ತ ಇಲ್ಲದಿದ್ದರೆ ಕಾಲಿಮೇಶನ್ ಮಾಡಿ (ಕನ್ನಡಿಗಳನ್ನು ಮತ್ತೆ ಸರಿಯಾದ ನೇರಕ್ಕೆ ತನ್ನಿ).

ಚಳಿಗಾಲದಲ್ಲಿ ಇಲ್ಲಿ ಇಬ್ಬನಿ ಜೋರು. ನ್ಯೂಟೋನಿಯನ್‌ನ ಮುಖ್ಯ ಕನ್ನಡಿ ಕೊಳವೆಯ ಬುಡದಲ್ಲಿರುವುದರಿಂದ ಬಚಾವು, ಮಂಜು ಹಿಡಿಯೋದು ಐಪೀಸ್ ಮತ್ತು ರೆಡ್ ಡಾಟ್ ಫೈಂಡರ್‌ಗೆ (ಗುರಿ ಹಿಡಿಯಲು ಕೆಂಪು ಚುಕ್ಕೆ ತೋರಿಸುವ ಪುಟ್ಟ ಸಾಧನ). ಬಳಸದ ಐಪೀಸ್ ಜೇಬಿನಲ್ಲಿರಲಿ. ಬಟ್ಟೆಯಿಂದ ಒರೆಸಬೇಡಿ. ಒಳಗೆ ತಂದ ಮೇಲೆ ಪೂರ್ತಿ ಒಣಗುವ ತನಕ ಮುಚ್ಚಳ ಹಾಕಬೇಡಿ, ಒದ್ದೆಯಲ್ಲಿ ಮುಚ್ಚಿಟ್ಟರೆ ಮಲೆನಾಡಿನ ಮಳೆಗಾಲ ಕಳೆಯುವಷ್ಟರಲ್ಲಿ ಫಂಗಸ್ ಹಿಡಿಯುತ್ತೆ. ಜೂನ್‌ನಿಂದ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ಈಕ್ವಟೋರಿಯಲ್ ತಗೊಳ್ಳೋ ಮೊದಲು ಒಂದು ಕೇಳಿಕೊಳ್ಳಿ: ಅಕ್ಷಾಂಶದ ಅಳತೆ 13 ಡಿಗ್ರಿವರೆಗೆ ಇಳಿಯುತ್ತಾ ಅಂತ. ನಮ್ಮಲ್ಲಿ ಧ್ರುವನಕ್ಷತ್ರ ದಿಗಂತದಿಂದ 13 ಡಿಗ್ರಿ ಮಾತ್ರ ಮೇಲಿದೆ, ಉತ್ತರಕ್ಕೆ ಗುಡ್ಡವೋ ಸಿಲ್ವರ್ ಮರದ ಸಾಲೋ ಇದ್ದರೆ ಕಾಣೋದೇ ಇಲ್ಲ. ಕೆಲವು ಮೌಂಟ್‌ಗಳಲ್ಲಿ ಅಷ್ಟು ಇಳಿಸಿದರೆ ತೂಕದ ಸರಳು ಸ್ಟ್ಯಾಂಡಿನ ಕಾಲಿಗೇ ತಾಗುತ್ತೆ. ಕಣ್ಣಿನಿಂದ ನೋಡೋದಷ್ಟೇ ಆದರೆ ಈಗಿರುವುದೇ ಸಾಕು.