ಸಿಟ್ಟಿಟ್ಟುಕೊಂಡು ತೇರ್ಸ್ (ಜಪಸರದ ಪ್ರಾರ್ಥನೆ) ಹೇಳಬಹುದಾ?

ಪ್ರಶ್ನೆ (ಮಂಗಳೂರಿನಿಂದ):
ಅಮ್ಮ ಪಕ್ಷವಾತ ಬಡಿದು 7 ತಿಂಗಳಿಂದ ಮಲಗಿದಲ್ಲೇ. ಮಾತಿಲ್ಲ. ಆದರೂ ಸಂಜೆ ನಾನು ಜಪಸರ ಹಿಡಿದರೆ ಅವರ ಎಡ ಹೆಬ್ಬೆರಳು ಹೊದಿಕೆಯ ಅಂಚಿನಲ್ಲಿ ಮಣಿ ಎಣಿಸಿದ ಹಾಗೆ ಸರಿಯುತ್ತದೆ; ನಾನು ಒಂದು ಮಣಿ ಹಾರಿಸಿದರೆ ನಿಂತುಬಿಡುತ್ತದೆ. ಸೆಪ್ಟೆಂಬರ್ 8ರಂದು, ಮರಿಯಮ್ಮನ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಆದ ಮೊಂತಿ ಫೆಸ್ತ್‌ಗೆ ಇಗರ್ಜಿಯಿಂದ ತಂದ ತೆನೆಯ ಕಾಳು ಸುಲಿದು, ಜಜ್ಜಿ, ಹಾಲಿಗೆ ಹಾಕಿ ಒಂದು ಚಮಚ ಕೊಟ್ಟೆ. ಹಾಲು ಕಟಬಾಯಿಯಿಂದ ಇಳಿದುಹೋಯಿತು. ಆವತ್ತಿನಿಂದ ದೇವರ ಮೇಲೆ ಸಿಟ್ಟು. ಹೀಗಿದ್ದು ತೇರ್ಸ್ ಹೇಳುವುದು ಸುಳ್ಳಲ್ಲವಾ?

ಉತ್ತರ:
ಹೇಳಿ ಮಾರಾಯ್ರೆ. ಮಂಗಳವಾರ, ಶುಕ್ರವಾರ ನಾವು ಹೇಳುವುದು ದುಃಖದ ರಹಸ್ಯಗಳನ್ನೇ, ಅಂದರೆ ಯೇಸು ಪಟ್ಟ ನೋವಿನ 5 ಘಟನೆಗಳನ್ನು ನೆನೆಯುವ ಪ್ರಾರ್ಥನೆ. ಮೊದಲನೆಯದು ಗೆತ್ಸೆಮನಿ ತೋಟದ್ದು. ಈ ಸಂಕಟದ ಪಾತ್ರೆ ತನ್ನಿಂದ ದೂರವಾಗಲಿ ಎಂದು ಅಲ್ಲಿ ಬೇಡಿದ್ದು ಯೇಸುವೇ.

ಉತ್ತರ (ಉಡುಪಿ):
ಒಬ್ಬರೇ ಹೊರಬೇಡಿ. ಇಗರ್ಜಿಯ ನಿಮ್ಮ ವಾರ್ಡಿನ ಮುಖಂಡರಾದ ಗುರ್ಕಾರರಿಗೆ ಹೇಳಿ, ನೆರೆಯವರು ತೇರ್ಸ್‌ಗೆ ಬರುತ್ತಾರೆ. ಫಾದರ್ ಮನೆಗೇ ಪರಮಪ್ರಸಾದ (ಪೂಜೆಯ ಪವಿತ್ರ ರೊಟ್ಟಿ) ತರುತ್ತಾರೆ. ರೋಗಿಗಳಿಗೆ ಹಚ್ಚುವ ಪವಿತ್ರ ತೈಲ ಸಾಯುವವರಿಗೆ ಮಾತ್ರ ಅಂತ ನಮ್ಮ ಹಿರಿಯರು ಹೆದರುತ್ತಿದ್ದರು, ಹಾಗಲ್ಲ. ಮತ್ತೆ, ನುಂಗಲು ಕಷ್ಟವಿದ್ದರೆ ತೆಳು ಹಾಲು ಕೊಡಬೇಡಿ. ಮೊದಲು ಡಾಕ್ಟರರನ್ನು ಕೇಳಿ.

ಪ್ರಶ್ನೆ ಕೇಳಿದವರು:
ನಿನ್ನೆ ಅಮ್ಮನ ಬೆರಳನ್ನು ನನ್ನ ಸರದ ಮೇಲೇ ಇಟ್ಟೆ. ಸಿಟ್ಟು ಹೋಗಿಲ್ಲ. 5 ರಹಸ್ಯವೂ ಮುಗಿಸಿದೆವು.